ಗ್ರೇಸ್ ಹಾಪರ್: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರೇಸ್ ಹಾಪರ್ ಹೆಸರು ಹೇಳಿದರೆ ಜಾಸ್ತಿ ಜನಕ್ಕೆ ನೆನಪಾಗುವುದು ಕಂಪ್ಯೂಟರ್ ಒಳಗೆ ಸಿಕ್ಕಿ ಸತ್ತ ಒಂದು ಹುಳ. ಅದನ್ನು ಹಿಡಿದದ್ದು ಅವರೇ, ಕಂಪ್ಯೂಟರ್ ದೋಷಕ್ಕೆ 'ಬಗ್' (ಇಂಗ್ಲಿಷ್‌ನಲ್ಲಿ ಹುಳ) ಎಂಬ ಹೆಸರು ಬಂದದ್ದೂ ಅದರಿಂದಲೇ ಅಂತಾರೆ. ಆ ಕತೆ ಅರ್ಧ ತಪ್ಪು. ಸರಿಯಾಗಿರುವ ಅರ್ಧ ಕೂಡ ಅವರ ಕೆಲಸದ ಲೆಕ್ಕದಲ್ಲಿ ತೀರಾ ಚಿಕ್ಕದು. ಮನುಷ್ಯರು ಯಂತ್ರದ ಭಾಷೆ ಕಲಿಯುತ್ತಾ ಕೂರುವ ಬದಲು ಯಂತ್ರವೇ ಮನುಷ್ಯರ ಮಾತು ಕಲಿಯಲಿ ಎಂದು ಮೂವತ್ತು ನಲವತ್ತು ವರ್ಷ ಹಟ ಹಿಡಿದವರು ಅವರು. ಆ ಹಟದ ಕತೆಗೆ ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ. ಹುಳಕ್ಕೂ ಸ್ವಲ್ಪ ಜಾಗ ಇದೆ.

ಮೊದಲಿಗೆ, ಇವರು ಯಾರು?

ಗಣಿತದ ಮೇಷ್ಟ್ರು, ನೌಕಾಪಡೆಯ ಅಧಿಕಾರಿ, ಪ್ರೋಗ್ರಾಮರ್. ಹುಟ್ಟಿದ್ದು 1906ರ ಡಿಸೆಂಬರ್ 9ರಂದು, ನ್ಯೂಯಾರ್ಕ್ ನಗರದಲ್ಲಿ. ಹುಟ್ಟಿದಾಗಿನ ಹೆಸರು ಗ್ರೇಸ್ ಬ್ರೂಸ್ಟರ್ ಮರ್ರೆ. ತೀರಿಕೊಂಡಿದ್ದು 1992ರ ಜನವರಿ 1ರಂದು, 85ನೇ ವಯಸ್ಸಿನಲ್ಲಿ. ಈ ನಡುವೆ, ಒಂದು ದೊಡ್ಡ ಕೋಣೆ ತುಂಬುವ ಯಂತ್ರದಿಂದ ಮೇಜಿನ ಮೇಲೆ ಕೂರುವ ಕಂಪ್ಯೂಟರ್‌ವರೆಗೆ ಎಲ್ಲವನ್ನೂ ಕಣ್ಣಾರೆ ನೋಡಿದರು.

ಚಿಕ್ಕವರಿದ್ದಾಗಲೇ ಜಾಣೆಯಾಗಿದ್ದರಾ?

ತಂಟೆಕೋರಿ ಅಂದರೆ ಸರಿ. ಏಳು ವರ್ಷದವರಿದ್ದಾಗ ಅಲಾರಂ ಗಡಿಯಾರ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು ಒಂದನ್ನು ಬಿಚ್ಚಿದರು. ಮತ್ತೆ ಜೋಡಿಸಲು ಬರಲಿಲ್ಲ. ಸರಿ, ಅದನ್ನು ನೋಡಿಕೊಂಡು ಇದನ್ನು ಜೋಡಿಸೋಣ ಎಂದು ಇನ್ನೊಂದನ್ನು ಬಿಚ್ಚಿದರು. ಹೀಗೇ ಮನೆಯಲ್ಲಿದ್ದ ಏಳೂ ಗಡಿಯಾರಗಳು ತುಂಡು ತುಂಡಾದವು. ಅಮ್ಮ ಬೈದು ಸುಮ್ಮನಾಗಲಿಲ್ಲ. ಇನ್ನು ಮೇಲೆ ಬಿಚ್ಚುವುದಿದ್ದರೆ ಒಂದೇ ಗಡಿಯಾರ ಎಂದು ಕಟ್ಟು ಮಾಡಿದರು. ಪೂರ್ತಿ ಬೇಡ ಅನ್ನಲಿಲ್ಲ ನೋಡಿ, ನನಗೆ ಆ ಅಮ್ಮ ತುಂಬಾ ಇಷ್ಟ.

ಪರೀಕ್ಷೆಯ ವಿಷಯಕ್ಕೆ ಬಂದರೆ, 16ನೇ ವಯಸ್ಸಿನಲ್ಲಿ ವಾಸರ್ ಕಾಲೇಜಿಗೆ ಅರ್ಜಿ ಹಾಕಿದಾಗ ಲ್ಯಾಟಿನ್‌ನಲ್ಲಿ ಫೇಲ್. ಒಂದು ವರ್ಷ ಕಾದು ಸೇರಿದರು. 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿ, 1934ರಲ್ಲಿ ಯೇಲ್‌ನಿಂದ ಗಣಿತದಲ್ಲಿ ಪಿಎಚ್‌ಡಿ. ಅಷ್ಟರಲ್ಲಿ ಓದಿದ ವಾಸರ್‌ನಲ್ಲೇ ಪಾಠ ಮಾಡಲು ಶುರುಮಾಡಿದ್ದರು. ಆ ಲ್ಯಾಟಿನ್ ಮಾತ್ರ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಕಾಲೇಜು ಮೇಷ್ಟ್ರು ನೌಕಾಪಡೆಗೆ ಯಾಕೆ ಹೋದರು?

ಯುದ್ಧ. 1941ರ ಡಿಸೆಂಬರ್‌ನಲ್ಲಿ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ ಆಯಿತು. ಅವರ ವಂಶದಲ್ಲಿ ಮುತ್ತಜ್ಜ ಒಬ್ಬರು ನೌಕಾಪಡೆಯ ಅಡ್ಮಿರಲ್ ಆಗಿದ್ದರು, ಆ ಸೆಳೆತವೂ ಇತ್ತು. ಆದರೆ ಸೇರಿಸಿಕೊಳ್ಳುವವರು ಯಾರು? ವಯಸ್ಸು ಜಾಸ್ತಿ ಆಯಿತು ಅಂದರು. ತೂಕ ನಿಗದಿಗಿಂತ ಸುಮಾರು 7 ಕೆಜಿ ಕಡಿಮೆ ಅಂದರು. ಗಣಿತ ಕಲಿಸುವವರು ಊರಲ್ಲೇ ಇರಬೇಕು, ಅದೂ ದೇಶಸೇವೆಯೇ ಅಂದರು. ಇವರು ಬಿಡಲಿಲ್ಲ. ತೂಕಕ್ಕೆ ವಿಶೇಷ ವಿನಾಯಿತಿ ಪಡೆದು 1943ರ ಡಿಸೆಂಬರ್‌ನಲ್ಲಿ, 37ನೇ ವಯಸ್ಸಿಗೆ, ಮೀಸಲು ಪಡೆಯ ಮಹಿಳಾ ವಿಭಾಗ ಸೇರಿದರು. ಪಾಠ ಕೇಳುವ ವಯಸ್ಸಿನ ಹುಡುಗಿಯರ ಜೊತೆ ಕವಾಯತು ಮಾಡಿ, ತಂಡಕ್ಕೇ ಮೊದಲಿಗರಾಗಿ ಹೊರಬಂದರು.

ಅಲ್ಲಿ ಕಂಪ್ಯೂಟರ್ ಎಲ್ಲಿಂದ ಬಂತು?

ಹಡಗು ಸಿಗಬಹುದು ಅಂದುಕೊಂಡಿದ್ದವರನ್ನು 1944ರ ಜುಲೈನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ನೆಲಮಾಳಿಗೆಗೆ ಕಳಿಸಿದರು. ಅಲ್ಲಿ ಹೊವಾರ್ಡ್ ಐಕೆನ್ ಎಂಬ ಸಿಡುಕು ಸ್ವಭಾವದ ಪ್ರಾಧ್ಯಾಪಕರು ಇದ್ದರು. ಮಾರ್ಕ್ 1 ಎಂಬ ದೈತ್ಯವೂ ಇತ್ತು.

ಮಾರ್ಕ್ 1 ಉದ್ದ 51 ಅಡಿ, ಎತ್ತರ 8 ಅಡಿ, ತೂಕ ಸುಮಾರು 5 ಟನ್. ಒಳಗೆ ಏಳು ಲಕ್ಷಕ್ಕೂ ಹೆಚ್ಚು ಬಿಡಿಭಾಗಗಳು, ಸುಮಾರು 800 ಕಿಲೋಮೀಟರ್ ತಂತಿ. ಇಷ್ಟೆಲ್ಲ ಇಟ್ಟುಕೊಂಡು ಅದು ಮಾಡುತ್ತಿದ್ದುದು ಸೆಕೆಂಡಿಗೆ ಮೂರು ಕೂಡುವ ಲೆಕ್ಕ! ಒಂದು ಗುಣಾಕಾರಕ್ಕೆ 6 ಸೆಕೆಂಡ್, ಭಾಗಾಕಾರಕ್ಕೆ 15ಕ್ಕೂ ಜಾಸ್ತಿ. ನಗಬೇಡಿ, ಹಗಲೂ ರಾತ್ರಿ ಸುಸ್ತಾಗದೆ 23 ಅಂಕಿಗಳ ಲೆಕ್ಕ ಮಾಡುವ ಇನ್ನೊಬ್ಬ ಗುಮಾಸ್ತ ಆಗ ಎಲ್ಲೂ ಇರಲಿಲ್ಲ. ಆದೇಶಗಳನ್ನು ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಕೊಡಬೇಕಿತ್ತು. ಯಾವ ತೂತು ಎಲ್ಲಿ ಎಂಬುದೇ ಪ್ರೋಗ್ರಾಂ.

ಮೊದಲ ದಿನವೇ ಐಕೆನ್ ಯಂತ್ರ ತೋರಿಸಿ, ಮುಂದಿನ ಗುರುವಾರದೊಳಗೆ ಇಂತಿಂಥ ಗಣಿತದ ಗುಣಾಂಕಗಳು ಬೇಕು ಅಂದರಂತೆ. ಕಲಿಸುವವರು ಯಾರೂ ಇಲ್ಲ, ಓದಲು ಪುಸ್ತಕ ಇಲ್ಲ. ಮುಂದೆ ಆ ಪುಸ್ತಕವನ್ನೂ ಇವರ ಕೈಯಲ್ಲೇ ಬರೆಸಿದರು. 1946ರಲ್ಲಿ ಹೊರಬಂದ ಮಾರ್ಕ್ 1ರ ಕೈಪಿಡಿ 561 ಪುಟ ಇದೆ. ರಿಚರ್ಡ್ ಬ್ಲಾಕ್, ರಾಬರ್ಟ್ ಕ್ಯಾಂಪ್‌ಬೆಲ್ ಅವರ ನಂತರ ಆ ಯಂತ್ರದ ಮೂರನೇ ಪ್ರೋಗ್ರಾಮರ್ ಹಾಪರ್.

1944ರಲ್ಲೇ ಹೆಸರಾಂತ ಗಣಿತಜ್ಞ ಜಾನ್ ಫಾನ್ ನಾಯ್ಮನ್ ಒಂದು ಕಷ್ಟದ ಲೆಕ್ಕ ಹಿಡಿದುಕೊಂಡು ಬಂದರು. ಎಲ್ಲರೂ ಸೇರಿ ಮಾಡಿಕೊಟ್ಟರು. ಅದು ಅಣುಬಾಂಬಿನ ಕೆಲಸಕ್ಕೆ ಬೇಕಿದ್ದ ಲೆಕ್ಕ ಎಂಬುದು ಆಮೇಲಷ್ಟೇ ಗೊತ್ತಾಗಿದ್ದು.

ಹಾಗಾದರೆ 'ಬಗ್' ಕತೆ ಸುಳ್ಳಾ?

ಹುಳ ನಿಜ. ಉಳಿದದ್ದಕ್ಕೆ ಬಣ್ಣ ಹಚ್ಚಲಾಗಿದೆ.

1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಯಂತ್ರ ತಪ್ಪು ಮಾಡುತ್ತಿತ್ತು. ಹುಡುಕಿದಾಗ ಎಫ್ ಪ್ಯಾನೆಲ್‌ನ 70ನೇ ರಿಲೇಯಲ್ಲಿ, ಅಂದರೆ ವಿದ್ಯುತ್ತಿನಿಂದ ಆಡುವ ಸ್ವಿಚ್ಚಿನಲ್ಲಿ, ಒಂದು ಪತಂಗ ಸಿಕ್ಕಿಹಾಕಿಕೊಂಡಿತ್ತು. ಕೆಲಸದವರು ಅದನ್ನು ತೆಗೆದು ದಿನಚರಿ ಪುಸ್ತಕಕ್ಕೆ ಟೇಪ್ ಹಚ್ಚಿ ಅಂಟಿಸಿ, ನಿಜವಾಗಿ ಬಗ್ ಸಿಕ್ಕಿದ ಮೊದಲ ಪ್ರಕರಣ ಎಂದು ಪಕ್ಕದಲ್ಲಿ ಬರೆದರು. ಈಗ ಆ ಪುಸ್ತಕ, ಹುಳದ ಸಮೇತ, ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ.

ಆ ಸಾಲನ್ನು ಇನ್ನೊಂದು ಸಲ ಓದಿ. ತಾಂತ್ರಿಕ ದೋಷಕ್ಕೆ 'ಬಗ್' ಎನ್ನುವ ರೂಢಿ ಮೊದಲೇ ಇತ್ತು, ಅದಕ್ಕೇ ಅದೊಂದು ಜೋಕ್. ಥಾಮಸ್ ಎಡಿಸನ್ 1870ರ ದಶಕದಲ್ಲೇ ಆ ಪದವನ್ನು ಅದೇ ಅರ್ಥದಲ್ಲಿ ಬಳಸಿದ್ದಾರೆ. ಹುಳ ಹಿಡಿದದ್ದೂ ಹಾಪರ್ ಅಲ್ಲ. ಅವರು ಮಾಡಿದ್ದು ಇಷ್ಟೇ: ಮುಂದೆ ಸಾವಿರಾರು ಜನರ ಮುಂದೆ ಈ ಕತೆಯನ್ನು ಚೆನ್ನಾಗಿ ಹೇಳಿದರು. ಕತೆ ಹೇಳಿದವರ ಹೆಸರೇ ಕತೆಗೆ ಅಂಟಿಕೊಂಡಿತು, ನಮ್ಮಲ್ಲಿ ತೆನಾಲಿರಾಮನ ತಲೆಗೆ ಎಷ್ಟೋ ಕತೆ ಕಟ್ಟಿದ ಹಾಗೆ.

ಕಂಪೈಲರ್ ಎಂಬ ಯೋಚನೆ ಹೊಳೆದದ್ದು ಹೇಗೆ?

ಸೋಮಾರಿತನದಿಂದ ಅಂತ ಅವರೇ ಹೇಳಿಕೊಳ್ಳುತ್ತಿದ್ದರು. ಗಣಿತದವಳಾಗಿ ವಾಪಸ್ ಲೆಕ್ಕದ ಕಡೆ ಹೋಗಬೇಕು, ಈ ಚಾಕರಿ ಯಂತ್ರವೇ ಮಾಡಿಕೊಳ್ಳಲಿ ಎಂದು.

ಆ ಚಾಕರಿ ಎಂಥದ್ದು ಗೊತ್ತಾ? ಹಾರ್ವರ್ಡ್‌ನಲ್ಲಿ ಪ್ರತಿ ಪ್ರೋಗ್ರಾಮರ್ ಹತ್ತಿರ ಒಂದು ನೋಟ್‌ಬುಕ್ ಇರುತ್ತಿತ್ತು. ಸರಿಯಾಗಿ ಓಡಿದ ತುಣುಕುಗಳನ್ನು, ಅಂದರೆ ವರ್ಗಮೂಲ ತೆಗೆಯುವುದು, ಸೈನ್ ಬೆಲೆ ಕಂಡುಹಿಡಿಯುವುದು ಇಂಥವನ್ನು, ಅದರಲ್ಲಿ ಬರೆದಿಡುತ್ತಿದ್ದರು. ಬೇಕಾದಾಗ ಒಬ್ಬರ ನೋಟ್‌ಬುಕ್ ಇನ್ನೊಬ್ಬರು ಇಸಿದುಕೊಂಡು ಕೈಯಲ್ಲಿ ನಕಲು ಮಾಡುವುದು. ಎರಡು ತೊಂದರೆ. ಪ್ರತಿ ತುಣುಕೂ ಸೊನ್ನೆಯಿಂದ ಶುರುವಾಗುತ್ತದೆ, ಅದನ್ನು ನಿಮ್ಮ ಪ್ರೋಗ್ರಾಂ ನಡುವೆ ಕೂರಿಸಬೇಕಾದರೆ ಎಲ್ಲ ವಿಳಾಸಗಳಿಗೂ ಒಂದು ಸಂಖ್ಯೆ ಕೂಡಬೇಕು, ಮತ್ತು ಪ್ರೋಗ್ರಾಮರ್‌ಗಳಿಗೆ ಕೂಡುವುದೇ ಸರಿಯಾಗಿ ಬರುತ್ತಿರಲಿಲ್ಲ. ಎರಡನೆಯದು, ನಕಲು ಮಾಡಲೂ ಬರುತ್ತಿರಲಿಲ್ಲ. ಒಬ್ಬರ ಕೈಬರಹದ ಇಂಗ್ಲಿಷ್ 'ಬಿ' ಅಕ್ಷರ ಇನ್ನೊಬ್ಬರ ಕಣ್ಣಿಗೆ 13 ಆಗಿ ಕಾಣುತ್ತಿತ್ತು.

ಹಾಪರ್ ತಲೆಗೆ ಹೊಳೆದದ್ದು ಹೀಗೆ. ಕೂಡುವುದು, ನಕಲು ಮಾಡುವುದು, ಎರಡೂ ತಪ್ಪಿಲ್ಲದೆ ಮಾಡುವ ಒಂದು ಯಂತ್ರ ಎದುರಿಗೇ ಇದೆಯಲ್ಲ! 1949ರಲ್ಲಿ ಅವರು ಫಿಲಡೆಲ್ಫಿಯಾದ ಎಕರ್ಟ್-ಮಾಕ್ಲಿ ಕಂಪನಿ ಸೇರಿದ್ದರು. ಅಲ್ಲಿ ಯುನಿವ್ಯಾಕ್ ಕಂಪ್ಯೂಟರ್ ತಯಾರಾಗುತ್ತಿತ್ತು. ಎಲ್ಲ ತುಣುಕುಗಳನ್ನೂ ಟೇಪ್ ಮೇಲೆ ಒಂದು ಲೈಬ್ರರಿ ಮಾಡಿ ಇಡುವುದು, ಪ್ರತಿಯೊಂದಕ್ಕೂ ಒಂದು ಕರೆಯುವ ಹೆಸರು ಕೊಡುವುದು, ಮನುಷ್ಯ ಬರೀ ಹೆಸರುಗಳನ್ನು ಸಾಲಾಗಿ ಬರೆದರೆ ಯಂತ್ರವೇ ತುಣುಕುಗಳನ್ನು ಹೆಕ್ಕಿ, ವಿಳಾಸ ಸರಿಮಾಡಿ, ಒಟ್ಟು ಹೊಲಿದು ಪೂರ್ತಿ ಪ್ರೋಗ್ರಾಂ ಕೊಡುವುದು. ಇದೇ ಎ-ಝೀರೋ. 1951-52ರ ಕೆಲಸ. ಅಲ್ಲಿಲ್ಲಿಂದ ಹೆಕ್ಕಿ ಸಂಕಲಿಸುವುದರಿಂದ ಕಂಪೈಲರ್ ಎಂದು ಹೆಸರಿಟ್ಟರು.

ಕೆಲಸ ಮಾಡುವ ಕಂಪೈಲರ್ ಕೈಯಲ್ಲಿತ್ತು, ಮುಟ್ಟುವವರಿಲ್ಲ. ಕಂಪ್ಯೂಟರ್ ಲೆಕ್ಕ ಮಾಡುತ್ತದೆ, ಪ್ರೋಗ್ರಾಂ ಬರೆಯಲ್ಲ ಅನ್ನುವುದು ಎಲ್ಲರ ವಾದ.

ಇದೇ ಕಾಲದ ಇನ್ನೊಂದು ಕತೆ. ಆಗಿನ ಬೈನ್ಯಾಕ್ ಯಂತ್ರಕ್ಕೆ ಎಂಟರ ಲೆಕ್ಕದಲ್ಲಿ, ಅಂದರೆ 7 ಆದ ಮೇಲೆ 10 ಎಂದು ಎಣಿಸುವ ಪದ್ಧತಿಯಲ್ಲಿ, ಎಲ್ಲ ಬರೆಯಬೇಕಿತ್ತು. ದಿನವಿಡೀ ಅದನ್ನೇ ಮಾಡಿ ಮಾಡಿ ಹಾಪರ್ ಅವರ ಬ್ಯಾಂಕ್ ಲೆಕ್ಕ ತಾಳೆಯಾಗುವುದು ನಿಂತುಹೋಯಿತು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ತಮ್ಮ ಕೂತು ನೋಡಿದರೆ, ಅಕ್ಕ ಅಲ್ಲಲ್ಲಿ ಎಂಟರ ಲೆಕ್ಕದಲ್ಲಿ ಕಳೆದಿದ್ದಾರೆ. ಯಂತ್ರದ ರೀತಿಗೆ ಮನುಷ್ಯ ಬಗ್ಗಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಾ?

ಜಗತ್ತಿನ ಮೊದಲ ಕಂಪೈಲರ್ ಅವರದ್ದೇ ಎನ್ನಬಹುದಾ?

ಹುಷಾರಾಗಿ ಹೇಳಬೇಕು. ಈಗಿನ ಲೆಕ್ಕದಲ್ಲಿ ನೋಡಿದರೆ ಎ-ಝೀರೋ ಮಾಡುತ್ತಿದ್ದುದನ್ನು ಲಿಂಕರ್, ಲೋಡರ್ ಕೆಲಸ, ಅಂದರೆ ಸಿದ್ಧ ತುಣುಕುಗಳನ್ನು ಜೋಡಿಸಿ ಮೆಮೊರಿಗೆ ತುಂಬುವ ಕೆಲಸ, ಎನ್ನುತ್ತೇವೆ. ಅದೇ ಹೊತ್ತಿಗೆ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆಲಿಕ್ ಗ್ಲೆನಿ ಆಟೋಕೋಡ್ ಎಂಬ ತಮ್ಮದೇ ಕಂಪೈಲರ್ ಮಾಡಿದ್ದರು. 1957ರಲ್ಲಿ ಜಾನ್ ಬ್ಯಾಕಸ್ ಅವರ ತಂಡದ ಫೋರ್ಟ್ರಾನ್ ಬಂತು, ಅದು ಪೂರ್ತಿ ಅರ್ಥದ ಕಂಪೈಲರ್. 'ಮೊದಲು' ಯಾರು ಎಂಬ ಜಗಳ ನನಗೆ ಬೋರ್. ಪ್ರೋಗ್ರಾಂ ಬರೆಯುವ ಪ್ರೋಗ್ರಾಂ ಸಾಧ್ಯ ಎಂದು ಊರೂರು ತಿರುಗಿ ಒಪ್ಪಿಸಿದವರಲ್ಲಿ ಮುಂದಿದ್ದವರು ಹಾಪರ್, ಅದರಲ್ಲಿ ಜಗಳ ಇಲ್ಲ.

ಕಂಪ್ಯೂಟರ್‌ಗೆ ಫ್ರೆಂಚ್ ಕಲಿಸಿದ ಕತೆ ಏನು?

ನನ್ನ ಮಟ್ಟಿಗೆ ಇದೇ ಅವರ ಬದುಕಿನ ಅತಿ ಒಳ್ಳೆಯ ಕತೆ.

ಸಂಬಳ, ಸಾಮಾನು, ಬಿಲ್ಲು ನೋಡಿಕೊಳ್ಳುವ ಜನಕ್ಕೆ ಗಣಿತದ ಚಿಹ್ನೆ ಬೇಡ, ಮಾತು ಬೇಕು. ಹಾಗಂತ ಹಾಪರ್ ತಂಡ ಇಂಗ್ಲಿಷ್ ಪದಗಳಲ್ಲೇ ಆದೇಶ ಕೊಡುವ ಒಂದು ಪುಟ್ಟ ಕಂಪೈಲರ್ ಮಾಡಿತು. ಮೇಲಿನವರಿಗೆ ತೋರಿಸಿ ದುಡ್ಡು ಕೇಳಬೇಕಿತ್ತು. ಪ್ರದರ್ಶನ ಇನ್ನೂ ಜೋರಾಗಿರಲಿ ಎಂದು ಅದೇ ಪ್ರೋಗ್ರಾಮನ್ನು ಫ್ರೆಂಚ್ ಪದಗಳಲ್ಲಿ ಬರೆದು ಓಡಿಸಿದರು. ಆಮೇಲೆ ಜರ್ಮನ್ ಪದಗಳಲ್ಲಿ. ಯಂತ್ರಕ್ಕೆ ಅದೇನೂ ದೊಡ್ಡದಲ್ಲ, ಯಾವ ಪದಕ್ಕೆ ಯಾವ ಕೆಲಸ ಎಂಬ ಪಟ್ಟಿ ಬದಲಾಯಿಸಿದರೆ ಮುಗಿಯಿತು.

ಮೇಲಿನವರು ಮೆಚ್ಚಿಕೊಳ್ಳುವುದು ಬಿಟ್ಟು ಗಾಬರಿಯಾದರು. ಹಾಪರ್ ಹೇಳುತ್ತಿದ್ದ ಪ್ರಕಾರ, ಪೆನ್ಸಿಲ್ವೇನಿಯಾದಲ್ಲಿ ಕಟ್ಟಿದ ಅಪ್ಪಟ ಅಮೆರಿಕನ್ ಕಂಪ್ಯೂಟರ್‌ಗೆ ಫ್ರೆಂಚ್ ಜರ್ಮನ್ ಎಲ್ಲ ಅರ್ಥ ಆಗುವುದು ಹೇಗೆ ಎಂಬುದೇ ಅವರ ತಲೆಗೆ ಹೋಗಲಿಲ್ಲ! ಯುದ್ಧ ಮುಗಿದು ಹತ್ತು ವರ್ಷ ಆಗಿತ್ತಷ್ಟೇ, ಜರ್ಮನ್ ಕಂಡರೇ ಅನುಮಾನ. ಕೊನೆಗೆ ಇಂಗ್ಲಿಷ್ ಒಂದೇ, ಬೇರೆ ಏನೂ ಇಲ್ಲ ಎಂದು ಮಾತು ಕೊಟ್ಟು ಕೆಲಸ ಮುಂದುವರಿಸಬೇಕಾಯಿತು. ಅದೇ ಫ್ಲೋ-ಮ್ಯಾಟಿಕ್ ಆಯಿತು.

ಅಂದರೆ ಕನ್ನಡದಲ್ಲೂ ಪ್ರೋಗ್ರಾಂ ಬರೆಯಬಹುದಿತ್ತಾ?

ತತ್ವದಲ್ಲಿ ಹೌದು. 'ಆ್ಯಡ್' ಇದ್ದ ಜಾಗದಲ್ಲಿ 'ಕೂಡು' ಇಟ್ಟರೂ ಯಂತ್ರಕ್ಕೆ ಎರಡೂ ಬರೀ ಗುರುತು. ಆದರೆ ಆಗಿನ ಯಂತ್ರಗಳಲ್ಲಿ ಇದ್ದುದು ಇಂಗ್ಲಿಷ್ ಅಕ್ಷರ, ಅಂಕಿ, ಒಂದಿಷ್ಟು ಚಿಹ್ನೆ ಮಾತ್ರ. ಕನ್ನಡ ಅಕ್ಷರ ಒತ್ತಕ್ಷರಗಳ ಸಮೇತ ಪರದೆ ಮೇಲೆ ಮೂಡುವುದಕ್ಕೇ ಎಷ್ಟೋ ದಶಕ ಹಿಡಿಯಿತು. ಅದಕ್ಕೆ ಕೆ.ಪಿ. ರಾವ್ ಅಂಥವರು ದುಡಿಯಬೇಕಾಯಿತು. 'ನುಡಿ' ತಂತ್ರಾಂಶದಲ್ಲಿ ನಾವು ಬಳಸುವ ಕೀಲಿಮಣೆ ವಿನ್ಯಾಸದ ಹಿಂದಿರುವುದು ಅವರೇ. ಇನ್ನೂ ಒಂದು ಮಾತು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷ್ ಆದೇಶದಲ್ಲಿ ಮೊದಲಿಗೆ. ಬರೀ ಪದ ಬದಲಾಯಿಸಿದರೆ 'ಕೂಡು ಬಡ್ಡಿಯನ್ನು ಅಸಲಿಗೆ' ಎಂದು ಹಳೇ ನಾಟಕದ ಮಾತಿನಂತೆ ಕೇಳಿಸುತ್ತದೆ. ಓಡುವುದಂತೂ ಓಡುತ್ತದೆ.

ಕೋಬಾಲ್ ಭಾಷೆ ಮಾಡಿದ್ದು ಹಾಪರ್ ಒಬ್ಬರೇನಾ?

ಅಲ್ಲ. ಪೂರ್ತಿ ಹೆಸರು ಕಾಮನ್ ಬಿಸಿನೆಸ್ ಓರಿಯೆಂಟೆಡ್ ಲ್ಯಾಂಗ್ವೇಜ್, ಅಂದರೆ ವ್ಯವಹಾರದ ಕೆಲಸಕ್ಕೆ ಎಲ್ಲರಿಗೂ ಒಂದೇ ಪ್ರೋಗ್ರಾಂ ಭಾಷೆ. 1959ರಲ್ಲಿ ಪ್ರತಿ ಕಂಪನಿಯ ಕಂಪ್ಯೂಟರ್‌ಗೂ ಬೇರೆ ಬೇರೆ ಭಾಷೆ. ಯಂತ್ರ ಬದಲಾಯಿಸಿದರೆ ಪ್ರೋಗ್ರಾಂಗಳೆಲ್ಲ ಕಸದ ಬುಟ್ಟಿಗೆ. ಎಲ್ಲರಿಗೂ ಒಂದೇ ಭಾಷೆ ಬೇಕು ಎಂಬ ಮಾತು ಎತ್ತಿದವರು ಬರೋಸ್ ಕಂಪನಿಯ ಮೇರಿ ಹಾಸ್. ಆ ವರ್ಷದ ಮೇ ತಿಂಗಳಲ್ಲಿ ರಕ್ಷಣಾ ಇಲಾಖೆ ಪೆಂಟಗನ್‌ನಲ್ಲಿ ಸಭೆ ಕರೆಯಿತು. ಭಾಷೆಯ ವಿವರ ಬರೆದದ್ದು ಒಂದು ಸಣ್ಣ ಸಮಿತಿ. ಅದರಲ್ಲಿ ಜೀನ್ ಸ್ಯಾಮೆಟ್ ಇದ್ದರು, ಹೊವಾರ್ಡ್ ಬ್ರಾಂಬರ್ಗ್ ಇದ್ದರು. ಬರಹ ತಿದ್ದುವ ಕೆಲಸದಲ್ಲಿ ಬೆಟ್ಟಿ ಹೋಲ್ಬರ್ಟನ್ ಇದ್ದರು. ಹಾಪರ್ ಆ ಸಮಿತಿಯಲ್ಲೇ ಇರಲಿಲ್ಲ, ಮೇಲಿನ ಸಮಿತಿಗೆ ಸಲಹೆಗಾರರು. ಆದರೆ ಕೋಬಾಲ್‌ನ ಅಸ್ಥಿಪಂಜರ ಬಹುಪಾಲು ಅವರ ಫ್ಲೋ-ಮ್ಯಾಟಿಕ್‌ನದ್ದೇ. ಅದಕ್ಕೇ ಕೋಬಾಲ್ ಅಜ್ಜಿ ಎಂದು ಕರೆದರು. ಅಮ್ಮ ಅಲ್ಲ, ಅಜ್ಜಿ. ಸರಿಯಾದ ಸಂಬಂಧ ಅದೇ.

ಕೆಲಸ ಎಷ್ಟು ಕುಂಟುತ್ತಿತ್ತೆಂದರೆ, ಬೇಸತ್ತ ಬ್ರಾಂಬರ್ಗ್ ಒಂದು ಗೋರಿಕಲ್ಲು ಕೊಂಡು, ಅದರ ಮೇಲೆ 'ಕೋಬಾಲ್' ಎಂದು ಕೆತ್ತಿಸಿ, ಪೆಂಟಗನ್ ಕಡೆಯ ಮುಖ್ಯಸ್ಥ ಚಾರ್ಲ್ಸ್ ಫಿಲಿಪ್ಸ್ ಅವರಿಗೆ ಕಳಿಸಿದರು. ಭಾಷೆ ಮಾತ್ರ ಸಾಯಲಿಲ್ಲ. 1960ರ ಡಿಸೆಂಬರ್‌ನಲ್ಲಿ ಹೆಚ್ಚುಕಮ್ಮಿ ಅದೇ ಪ್ರೋಗ್ರಾಂ ಎರಡು ಬೇರೆ ಕಂಪನಿಗಳ ಯಂತ್ರಗಳ ಮೇಲೆ, ಆರ್‌ಸಿಎ ಮತ್ತು ಯುನಿವ್ಯಾಕ್ ಮೇಲೆ, ಓಡಿತು. ಈಗ ಅದು ಮಾಮೂಲಿ, ಆಗ ಪವಾಡ.

ಕೋಬಾಲ್ ಕೆಟ್ಟ ಭಾಷೆ ಅಂತಾರಲ್ಲ?

ಅಂತಾರೆ. ಡೈಕ್‌ಸ್ಟ್ರಾ ಅಂಥ ದೊಡ್ಡ ವಿಜ್ಞಾನಿ, ಕೋಬಾಲ್ ಕಲಿಸುವುದನ್ನು ಅಪರಾಧ ಎಂದೇ ಪರಿಗಣಿಸಬೇಕು ಎಂದು ಬರೆದರು. ಮಾತು ಜಾಸ್ತಿ ಅನ್ನುವುದು ನಿಜ. ಒಂದು ಗುಣಾಕಾರಕ್ಕೆ ಒಂದು ಪೂರ್ತಿ ವಾಕ್ಯ ಬೇಕು. ಆದರೆ ಇಪ್ಪತ್ತು ವರ್ಷದ ಹಿಂದೆ ಯಾರೋ ಬರೆದ ಬಡ್ಡಿ ಲೆಕ್ಕವನ್ನು ಇವತ್ತು ಬೇರೆ ಯಾರೋ ಓದಿ ತಿದ್ದಬೇಕಾದಾಗ ಆ ಉದ್ದದ ವಾಕ್ಯಗಳೇ ಕೈಹಿಡಿಯುತ್ತವೆ. 2020ರಲ್ಲಿ ಕೊರೊನಾ ಬಂದಾಗ, ಹಳೇ ಸರ್ಕಾರಿ ಪ್ರೋಗ್ರಾಂಗಳು ಕೋಬಾಲ್‌ನಲ್ಲೇ ಇದ್ದುದರಿಂದ, ಅಮೆರಿಕದ ನ್ಯೂಜೆರ್ಸಿಯ ಗವರ್ನರ್ ಕೋಬಾಲ್ ಬಲ್ಲವರು ದಯವಿಟ್ಟು ಬನ್ನಿ ಎಂದು ಬಹಿರಂಗವಾಗಿ ಕರೆದಿದ್ದರು.

ವೈಟುಕೆ, ಅಂದರೆ 2000ನೇ ಇಸವಿ ಬಂದಾಗ ಕಂಪ್ಯೂಟರ್ ದಿನಾಂಕಗಳು ಕೆಡುವ ಗೊಂದಲಕ್ಕೆ ಅವರೇ ಕಾರಣವಾ? ಬೆಂಗಳೂರಿಗೂ ಇದಕ್ಕೂ ಏನು ಸಂಬಂಧ?

ಇಸವಿಯ ಕೊನೆಯ ಎರಡು ಅಂಕಿ ಮಾತ್ರ ಬರೆಯುವ ಅಭ್ಯಾಸ ಜಾಗ ಉಳಿಸಲು ಬಂದದ್ದು. ಆಗ ಒಂದು ಪಂಚ್ ಕಾರ್ಡಿನಲ್ಲಿ ಇದ್ದುದೇ 80 ಕಾಲಂ, ಮೆಮೊರಿಗೆ ಚಿನ್ನದ ಬೆಲೆ. ಅದನ್ನು ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. 1965ರಲ್ಲಿ ಹುಟ್ಟಿದವರ ವಯಸ್ಸನ್ನು 2000ದಲ್ಲಿ ಕೇಳಿದರೆ ಯಂತ್ರ 00ರಿಂದ 65 ಕಳೆದು ತಲೆಕೆಡಿಸಿಕೊಳ್ಳುತ್ತದೆ, ಅಷ್ಟೇ ಸಮಸ್ಯೆ. ಆದರೆ ಅದು ಕೋಟ್ಯಂತರ ಸಾಲುಗಳಲ್ಲಿ ಹರಡಿತ್ತು, ಹೆಚ್ಚಿನವು ಕೋಬಾಲ್‌ನಲ್ಲೇ.

ಆ ಸಾಲುಗಳನ್ನು ಒಂದೊಂದಾಗಿ ತಿದ್ದುವ ಕೆಲಸದಲ್ಲಿ ದೊಡ್ಡ ಪಾಲು ಭಾರತಕ್ಕೆ ಬಂತು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿದ ಎಷ್ಟೋ ಹುಡುಗ ಹುಡುಗಿಯರು, ಮೆಕ್ಯಾನಿಕಲ್ ಓದಿದವರೂ ಸಿವಿಲ್ ಓದಿದವರೂ, ಕೆಲವೇ ತಿಂಗಳಲ್ಲಿ ಕೋಬಾಲ್ ಕಲಿತು ಅಮೆರಿಕದ ಬ್ಯಾಂಕು, ವಿಮಾ ಕಂಪನಿಗಳ ಕೆಲಸಕ್ಕೆ ಕೂತರು. ಆಗ ಗಳಿಸಿದ ನಂಬಿಕೆಯ ಮೇಲೆ ಆಮೇಲಿನ ಕೆಲಸ ಬಂತು. ಹಾಪರ್ ಹೆಸರು ಕೇಳದೆಯೂ ಅವರ ಮೊಮ್ಮಗುವಿನ ಜೊತೆ ದುಡಿದ ಮನೆಗಳು ಬೆಂಗಳೂರಿನಲ್ಲಿ ಬೀದಿಗೊಂದಾದರೂ ಇರಬೇಕು.

ಜೇಬಿನಲ್ಲಿ ತಂತಿ ಇಟ್ಟುಕೊಂಡು ಓಡಾಡುತ್ತಿದ್ದರಂತೆ, ಯಾಕೆ?

ನ್ಯಾನೋಸೆಕೆಂಡ್ ತೋರಿಸಲು. ಸೆಕೆಂಡಿನ ನೂರು ಕೋಟಿ ಭಾಗದಲ್ಲಿ ಒಂದು ಭಾಗ ಎಂದರೆ ತಲೆಗೆ ಏನೂ ಹತ್ತುವುದಿಲ್ಲ. ಅಷ್ಟು ಹೊತ್ತಿನಲ್ಲಿ ಬೆಳಕು ಎಷ್ಟು ದೂರ ಹೋಗುತ್ತದೋ ಅಷ್ಟುದ್ದ ತಂತಿ ಕತ್ತರಿಸಿ ಕೊಡಿ ಎಂದು ಇಂಜಿನಿಯರ್‌ಗಳನ್ನು ಕೇಳಿದರು. ಬಂದದ್ದು 11.8 ಇಂಚು. ಶಾಲೆ ಮಕ್ಕಳ 30 ಸೆಂಟಿಮೀಟರ್ ಉದ್ದದ ಸ್ಕೇಲ್ ಇದೆಯಲ್ಲ, ಹೆಚ್ಚುಕಮ್ಮಿ ಅಷ್ಟೇ. ಭಾಷಣಕ್ಕೆ ಹೋದಲ್ಲೆಲ್ಲ ಅಂಥ ತುಂಡುಗಳನ್ನು ಹಂಚುತ್ತಿದ್ದರು. ಮೈಕ್ರೋಸೆಕೆಂಡ್, ಅಂದರೆ ಸಾವಿರ ನ್ಯಾನೋಸೆಕೆಂಡ್, ಬೇಕೆಂದರೆ 984 ಅಡಿಯ ಸುರುಳಿ ಎತ್ತಿ ತೋರಿಸಿ, ಇದನ್ನು ಪ್ರೋಗ್ರಾಮರ್‌ಗಳ ಕೊರಳಿಗೆ ಹಾಕಬೇಕು, ಏನು ದಂಡ ಮಾಡುತ್ತಿದ್ದೇವೆ ಎಂದು ಗೊತ್ತಾಗಲಿ ಅನ್ನುತ್ತಿದ್ದರು. ನ್ಯಾನೋಸೆಕೆಂಡಿನ ಸಾವಿರದಲ್ಲಿ ಒಂದು ಭಾಗವಾದ ಪಿಕೋಸೆಕೆಂಡ್‌ಗೆ ಕಾಳುಮೆಣಸಿನ ಪುಡಿ.

ಉಪಗ್ರಹದ ಮೂಲಕ ಸುದ್ದಿ ಕಳಿಸಿದರೆ ಯಾಕೆ ತಡ ಎಂದು ಅಡ್ಮಿರಲ್‌ಗಳು ಕೇಳಿದರೆ ಇದೇ ತಂತಿ ಎತ್ತುತ್ತಿದ್ದರು. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಇಂಥ 12 ಕೋಟಿ ತುಂಡು ಜೋಡಿಸಬೇಕು. ತಡ ಆಗದೆ ಇನ್ನೇನು?

ಎಷ್ಟು ಸಲ ನಿವೃತ್ತಿಯಾದರು?

ಮೂರು ಸಲ. 1966ರ ಕೊನೆಗೆ 60 ತುಂಬಿದಾಗ ಕಳಿಸಿದರು. ಏಳು ತಿಂಗಳಿಗೇ ಕೋಬಾಲ್ ಒಂದು ಹದಕ್ಕೆ ತರಬೇಕು ಬನ್ನಿ ಎಂದು ಆರು ತಿಂಗಳ ಮಟ್ಟಿಗೆ ಕರೆದರು. ಆ ಆರು ತಿಂಗಳು ಮುಗಿಯಲೇ ಇಲ್ಲ. 1971ರಲ್ಲಿ ಮತ್ತೆ ನಿವೃತ್ತಿ, 1972ರಲ್ಲಿ ಮತ್ತೆ ಕರೆ. 1983ರಲ್ಲಿ ಕಮೋಡೋರ್, 1985ರಲ್ಲಿ ಆ ಹುದ್ದೆಯ ಹೆಸರೇ ಬದಲಾಗಿ ರಿಯರ್ ಅಡ್ಮಿರಲ್. 1986ರ ಆಗಸ್ಟ್ 14ರಂದು ಬಾಸ್ಟನ್‌ನಲ್ಲಿ, ಕಾನ್‌ಸ್ಟಿಟ್ಯೂಷನ್ ಎಂಬ ಹಳೇ ಮರದ ಯುದ್ಧನೌಕೆಯ ಮೇಲೆ ಕೊನೆಯ ಬೀಳ್ಕೊಡುಗೆ. ಆಗ ವಯಸ್ಸು 79, ಸೇವೆಯಲ್ಲಿದ್ದ ಅಧಿಕಾರಿಗಳಲ್ಲೇ ಹಿರಿಯರು. ಮನೆಯಲ್ಲಿ ಕೂತರಾ? ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಗೆ ಸಲಹೆಗಾರರಾಗಿ ಸೇರಿದರು.

ಹೀಗೇ ಮಾಡಿಕೊಂಡು ಬಂದಿದ್ದೇವೆ ಎಂಬ ಉತ್ತರ ಅವರಿಗೆ ಆಗುತ್ತಲೇ ಇರಲಿಲ್ಲ. ಅದಕ್ಕೇ ಆಫೀಸಿನ ಗೋಡೆಯಲ್ಲಿ ಎಡಕ್ಕೆ ತಿರುಗುವ ಗಡಿಯಾರ ಹಾಕಿದ್ದರು. ಟೈಮ್ ಸರಿಯಾಗೇ ತೋರಿಸುತ್ತಿತ್ತು.

ಮನೆ, ಸಂಸಾರ?

1930ರಲ್ಲಿ ವಿನ್ಸೆಂಟ್ ಹಾಪರ್ ಜೊತೆ ಮದುವೆ, 1945ರಲ್ಲಿ ವಿಚ್ಛೇದನ, ಮಕ್ಕಳಿರಲಿಲ್ಲ. ಹೆಸರು ಉಳಿಸಿಕೊಂಡರು. ಯುದ್ಧ ಮುಗಿದ ಮೇಲಿನ ವರ್ಷಗಳು ಸುಲಭದವಲ್ಲ, ಕುಡಿತದ ಕಾಟವೂ ಇತ್ತು. ಅದನ್ನು ಮುಚ್ಚಿಟ್ಟು ದೇವತೆ ಮಾಡುವ ಅಗತ್ಯ ಇಲ್ಲ. ಕಂಪೈಲರ್ ಬಂದದ್ದು ಆ ಕಷ್ಟದ ಬೆನ್ನಿಗೇ.

ಪ್ರಶಸ್ತಿಗಳು ಬಂದಿರಬೇಕಲ್ಲ?

ಬೇಕಾದಷ್ಟು. ತಮಾಷೆಯದ್ದು 1969ರದ್ದು. ಡೇಟಾ ಪ್ರೊಸೆಸಿಂಗ್ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ ವರ್ಷದ ಕಂಪ್ಯೂಟರ್ ವಿಜ್ಞಾನ 'ಪುರುಷ' ಎಂಬ ಪ್ರಶಸ್ತಿ ಶುರುಮಾಡಿ, ಮೊದಲನೆಯದನ್ನೇ ಇವರಿಗೆ ಕೊಟ್ಟಿತು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ, ತೀರಿಕೊಂಡ ಮೇಲೆ 2016ರಲ್ಲಿ ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ.

ಈಗ ಅವರ ಹೆಸರು ಎಲ್ಲೆಲ್ಲಿ ಇದೆ?

ಕಂಪ್ಯೂಟರ್ ಕ್ಷೇತ್ರದ ಮಹಿಳೆಯರಿಗಾಗಿ 1994ರಲ್ಲಿ ಶುರುವಾದ ಗ್ರೇಸ್ ಹಾಪರ್ ಸೆಲೆಬ್ರೇಷನ್ ಸಮಾವೇಶ ಇದೆ, ಅದರ ಭಾರತದ ಆವೃತ್ತಿ ಬೆಂಗಳೂರಿನಲ್ಲೂ ನಡೆದಿದೆ. ಯೇಲ್‌ನಲ್ಲಿ 2017ರಿಂದ ಒಂದು ಕಾಲೇಜಿಗೆ ಅವರ ಹೆಸರು. ಎನ್‌ವಿಡಿಯಾದ ಹಾಪರ್ ಚಿಪ್‌ಗಳೂ ಅವರ ಹೆಸರಿನವೇ, ಈಗ ಎಐ ಎಂದು ಎಲ್ಲರೂ ಮಾತಾಡುವ ಎಷ್ಟೋ ಮಾದರಿಗಳು ತರಬೇತಿ ಪಡೆದದ್ದು ಅವುಗಳ ಮೇಲೆ. ಯಂತ್ರ ನಮ್ಮ ಮಾತಿನಲ್ಲೇ ಆದೇಶ ತೆಗೆದುಕೊಳ್ಳುವ ಕಾಲದಲ್ಲಿ ಆ ಹೆಸರು ಅಲ್ಲಿ ಕೂತಿರುವುದು ಚೆನ್ನಾಗಿದೆ.

ಮತ್ತೆ ಹಡಗು. 1944ರಲ್ಲಿ ಸಿಗದೇ ಹೋದ ಹಡಗು 1997ರಲ್ಲಿ ಅವರ ಹೆಸರು ಹೊತ್ತು ಸೇವೆಗೆ ಬಂತು: ಯುಎಸ್‌ಎಸ್ ಹಾಪರ್, ಕ್ಷಿಪಣಿ ಹಾರಿಸುವ ಡೆಸ್ಟ್ರಾಯರ್ ಯುದ್ಧನೌಕೆ. ಅದಕ್ಕೊಂದು ಧ್ಯೇಯವಾಕ್ಯ ಇದೆ, 'ಔಡೆ ಎತ್ ಎಫಿಚೆ'. ಧೈರ್ಯ ಮಾಡು, ಮಾಡಿ ಮುಗಿಸು ಎಂದರ್ಥ. ಭಾಷೆ ಲ್ಯಾಟಿನ್.